ಎರಡು ಗಿರಣಿ ರಸ್ತೆಗಳು ಕೂಡುವಲ್ಲಿ

ಗಿರಣಿ ರಸ್ತೆ, ಮನೆ ನಂಬರ್ ಹದಿನೆಂಟು
(ಹಲ್ಲಿನ ಡಾಕ್ಟರದ್ದಲ್ಲ, ನಮ್ಮದು)
ಮಾರ್ಚ್ ೧೨, ಶುಕ್ರವಾರ

ಪ್ರೀತಿಯ ತಮ್ಮಾ (ಅಮ್ಮನ ಬಾಯಲ್ಲಿ ಪುಟ್ಟ),

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ದಿನವಿಡೀ ಕುರ್ಚಿಗೆ ಅಂಟಿಕೊಂಡು ಕೂತರೆ ಸೊಂಟ ತಾನೇ ಏನು ಮಾಡೀತು, ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡು. ನಿನ್ನ ಹೆಂಡತಿಯ ಕೆಮ್ಮು ವಾಸಿಯಾಗಿರಬೇಕು. ಮಗಳ ಪರೀಕ್ಷೆ ಮುಗಿಯಿತೇ, ಅವಳು ಈಗಲೂ ಪೆನ್ಸಿಲ್ ಕಚ್ಚುತ್ತಾಳೆಯೇ? ನಾವು ಇಲ್ಲಿ ಚೆನ್ನಾಗಿದ್ದೇವೆ. ಅಮ್ಮ ಚೆನ್ನಾಗಿದ್ದಾಳೆ. ಇನ್ನೊಮ್ಮೆ ಬರೆಯುತ್ತೇನೆ, ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಪತ್ರ ಓದಿದಾಗಿನಿಂದ ಮೈಯೆಲ್ಲ ಉರಿಯುತ್ತಿದೆ. ಪರದೆಗೆ ಅಂಚು ಹೊಲಿಯಲು ಕೂತವಳು ಮೂರು ಸಲ ಸೂಜಿ ಮುರಿದುಕೊಂಡು, ಕೊನೆಗೆ ಮೆಷಿನ್ನಿಗೆ ಮುಸುಕು ಹಾಕಿ ಇದನ್ನು ಬರೆಯುತ್ತಿದ್ದೇನೆ.

ಅಮ್ಮನಿಗೆ ತನ್ನ ಮನೆಯೇ ಗುರುತು ಸಿಗುತ್ತಿಲ್ಲ, ಇನ್ನು ಅವಳನ್ನು ವೃದ್ಧಾಶ್ರಮಕ್ಕೆ ಸೇರಿಸುವುದೇ ಒಳ್ಳೆಯದು, ಅರ್ಜಿಗೆ ಈ ತಿಂಗಳೊಳಗೆ ಸಹಿ ಹಾಕಿ ಕಳಿಸುತ್ತೇನೆ ಎಂದು ಬರೆದಿದ್ದೀಯ. ನಿನಗೆ ಹೇಳಿದವರು ಯಾರು? ವೃದ್ಧರ ಕಲ್ಯಾಣ ಕಚೇರಿಯ ಆ ಹೆಂಗಸು. ಅಮ್ಮನ ಜೊತೆ ಇರುವವಳು ನಾನು, ಅವಳ ತಲೆ ಬಾಚುವವಳು ನಾನು, ಫೋನ್ ಮಾತ್ರ ಎಲ್ಲೋ ದೂರದಲ್ಲಿರುವ ಗಂಡುಮಗನಿಗೆ. ಇರಲಿ, ಆ ಜಗಳ ಬೇರೆ. ನೀನು ಕೇಳಿದ್ದು ಅರ್ಧ ಕಥೆ. ಉಳಿದರ್ಧ ಕೇಳಿ ಆಮೇಲೆ ಪೆನ್ನು ಹಿಡಿ.

ನೀನಿದ್ದಾಗ ಗಿರಣಿ ರಸ್ತೆ ಅಂದರೆ ನಮ್ಮದೊಂದೇ. ಸ್ಟೇಷನ್ನಿನಿಂದ ಹೊರಟು ಗಿರಣಿಯ ಗೋಡೆ ಬಳಸಿ ಹೊಳೆಯ ಕಡೆಗೆ ಹೋಗುತ್ತಿತ್ತು. ಗಿರಣಿ ಕೆಡವಿದರಲ್ಲ, ಆ ಜಾಗದ ನಡುವೆ ನೆಟ್ಟಗೆ ಇನ್ನೊಂದು ರಸ್ತೆ ಮಾಡಿದರು. ಅದು ಬಂದು ಔಷಧಿ ಅಂಗಡಿಯ ಹತ್ತಿರ ನಮ್ಮ ರಸ್ತೆಯನ್ನು ಅಡ್ಡ ಹಾಯುತ್ತದೆ. ಅಲ್ಲಿ ಮನೆ ಕಟ್ಟಿದವರು ಗಿರಣಿ ನಿಂತಿದ್ದ ನೆಲವೇ ನಮ್ಮದು, ಹೆಸರೂ ನಮ್ಮದೇ ಎಂದರು. ಗಿರಣಿಗೆ ಹೋಗುವ ದಾರಿಯೇ ನಮ್ಮದು, ಹೆಸರು ಬಿಡುವುದಿಲ್ಲ ಎಂದು ನಮ್ಮವರು. ಒಂದು ಹಳೆಯದು ಒಂದು ಹೊಸದು ಎಂದು ಕರೆಯೋಣವೆಂದರೆ, ಹಳೆಯದು ಅನ್ನಿಸಿಕೊಳ್ಳಲು ನಮ್ಮ ಬೀದಿಯ ಅಂಗಡಿಯವರಿಗೆ ಅವಮಾನ, ಹೊಸದು ಅನ್ನಿಸಿಕೊಳ್ಳಲು ಅವರಿಗೆ ಅವಮಾನ. ಮುಖ್ಯರಸ್ತೆ, ಅಡ್ಡರಸ್ತೆ ಎಂದರೆ ಅಡ್ಡವಾಗಲು ಯಾರೂ ತಯಾರಿಲ್ಲ. ಸಭೆಯ ಮೇಲೆ ಸಭೆ ಮಾಡಿ, ಬಿಸ್ಕತ್ತು ತಿಂದು, ಕೊನೆಗೆ ನಗರಸಭೆಯ ಜಾಣರು ಮಾಡಿದ್ದೇನು ಗೊತ್ತೇ? ಆ ಚೌಕದ ನಾಲ್ಕು ಮೂಲೆಗೂ ಹೊಸದಾಗಿ ನೀಲಿ ಬಳಿದ ಹಲಗೆ ಹಾಕಿ, ನಾಲ್ಕರ ಮೇಲೂ ಗಿರಣಿ ರಸ್ತೆ ಎಂದು ಬರೆಸಿದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತಾರೆ. ನಮ್ಮಲ್ಲಿ ಎರಡೂ ದಾರಿಯನ್ನು ಎಡವಟ್ಟರೇ ಹಂಚಿಕೊಂಡಿದ್ದಾರೆ.

ಅವರ ಬೀದಿಯ ಹದಿನೆಂಟನೇ ನಂಬರಿನಲ್ಲಿ ಹಲ್ಲಿನ ಡಾಕ್ಟರು. ಕೆನ್ನೆ ಊದಿಸಿಕೊಂಡವರೆಲ್ಲ ನಮ್ಮ ಬಾಗಿಲು ಬಡಿಯುತ್ತಾರೆ. ಮೊನ್ನೆ ಒಬ್ಬ ಮಹಾರಾಯ ಸೀದಾ ಒಳಗೆ ಬಂದು, ನನ್ನ ಮೆಷಿನ್ನಿನ ಸ್ಟೂಲಿನ ಮೇಲೆ ಕೂತು, ಬಾಯಿ ತೆರೆದು ಕಣ್ಣು ಮುಚ್ಚಿಕೊಂಡ. ನನ್ನ ಕೈಯಲ್ಲಿ ಕತ್ತರಿ. ಕಣ್ಣು ಬಿಟ್ಟವನ ನೋವು ಅಲ್ಲೇ ವಾಸಿಯಾಗಿರಬೇಕು. ನನ್ನ ಪರದೆ ಗಿರಾಕಿಗಳು ಅಲ್ಲಿ ಹೋಗಿ ಕಿಟಕಿಯ ಅಳತೆ ಹೇಳುತ್ತಾರಂತೆ. ಇಷ್ಟು ದಿನ ನಗುತ್ತಿದ್ದೆವು. ಈಗ ನಗು ಬರುವುದಿಲ್ಲ.

ಹೋದ ವಾರದ ಮಂಗಳವಾರದ ವಿಷಯಕ್ಕೆ ಬರುತ್ತೇನೆ. ಬಿಳಿ ದಾರ ಮುಗಿದಿತ್ತು. ಅದನ್ನು ತರಲೆಂದೇ ಅಮ್ಮ ಮಧ್ಯಾಹ್ನ ಚೀಲ ಹಿಡಿದು ಹೊರಟಿರಬೇಕು, ಹೇಳಿ ಹೋಗಲಿಲ್ಲ. ಬಹಳ ಹೊತ್ತು ಚೌಕದಲ್ಲೇ ನಿಂತಿದ್ದಳಂತೆ. ಔಷಧಿ ಅಂಗಡಿಯವನಿಗೆ ಅನುಮಾನ ಬಂದು ಪೊಲೀಸಿನವನನ್ನು ಕರೆದ. ಅವನು ಮನೆ ಎಲ್ಲಿ ಎಂದು ಕೇಳಿದ, ಅಮ್ಮ ಗಿರಣಿ ರಸ್ತೆ ಹದಿನೆಂಟು ಎಂದಳು. ಹೇಳು, ಇದರಲ್ಲಿ ಒಂದಕ್ಷರ ತಪ್ಪಿದೆಯೇ? ಅವನು ಕೈಹಿಡಿದು ಕರೆದುಕೊಂಡು ಹೋದ, ಹಲ್ಲಿನ ಡಾಕ್ಟರ ಮನೆಗೆ. ಅಮ್ಮ ಬಾಗಿಲಲ್ಲೇ ನಿಂತು, ಇದು ನಮ್ಮ ಮನೆ ಅಲ್ಲಪ್ಪ ಎಂದಳು. ಇದೇ ಅಜ್ಜಿ, ನಿಮಗೆ ಮರೆತಿದೆ ಎಂದು ಅವನು. ಒಳಗಿದ್ದ ನರ್ಸ್ ಯಾರೋ ರೋಗಿ ಬಂದರು ಎಂದುಕೊಂಡು ಬನ್ನಿ ಬನ್ನಿ ಎಂದು ಕೂರಿಸಿಕೊಂಡಳು. ಅದನ್ನು ನೋಡಿ ಪೊಲೀಸಿನವನು ಮನೆಯವರಿಗೇ ಒಪ್ಪಿಸಿದೆನೆಂದು ಹೊರಟುಹೋದ. ಬಾಯಲ್ಲಿ ಒಂದೂ ಹಲ್ಲಿಲ್ಲದ ನಮ್ಮ ಅಮ್ಮ ಸಾಲಿನಲ್ಲಿ ಕೂತಿದ್ದಳು. ಅವಳ ಸರದಿ ಬಂದಾಗ ಡಾಕ್ಟರು ನೋಡಿ, ಗುರುತು ಹಿಡಿದು, ತಾವೇ ಮನೆಗೆ ಕರೆತಂದರು. ಪೊಲೀಸಿನವನು ಮಾತ್ರ ಅಷ್ಟರಲ್ಲಿ ಕಲ್ಯಾಣ ಕಚೇರಿಗೆ, ಮುದುಕಿಗೆ ಸ್ವಂತ ಮನೆಯೇ ಗೊತ್ತಾಗಲಿಲ್ಲ ಎಂದು ಹೇಳಿಯಾಗಿತ್ತು.

ಗೊತ್ತಾಗುವುದು ಹೇಗೆ ಕಣೋ? ಅದು ಅವಳ ಮನೆಯೇ ಅಲ್ಲ. ನಿನ್ನನ್ನು ಯಾರದೋ ಬಾಗಿಲಿಗೆ ಎಳೆದೊಯ್ದು ಇದೇ ನಿನ್ನ ಮನೆ ಎಂದರೆ ನೀನು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೀಯಾ? ಆ ಬಾಗಿಲಲ್ಲಿ ಇದ್ದವರಲ್ಲೆಲ್ಲ ಸರಿಯಾಗಿ ಹೇಳಿದವಳು ಅವಳೊಬ್ಬಳೇ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗೆ, ರಸ್ತೆಯ ರೋಗಕ್ಕೆ ಅಮ್ಮನಿಗೆ ಆಶ್ರಮ.

ನಿನ್ನ ಪತ್ರ ಬಂದ ದಿನವೇ ಕಲ್ಯಾಣ ಕಚೇರಿಗೆ ಹೋದೆ. ಆ ಹೆಂಗಸು ನನ್ನ ಮಾತೆಲ್ಲ ತಾಳ್ಮೆಯಿಂದ ಕೇಳಿ, ವಯಸ್ಸಾದವರ ವಿಷಯದಲ್ಲಿ ಮನೆಯವರು ಒಪ್ಪಿಕೊಳ್ಳೋದು ಕಷ್ಟ, ನಮಗೆ ಅರ್ಥ ಆಗುತ್ತೆ ಎಂದಳು. ಸಿಟ್ಟಿಗಿಂತ ಆ ಸಮಾಧಾನವೇ ನನ್ನನ್ನು ಹೆಚ್ಚು ಉರಿಸಿತು. ಅಲ್ಲಿಂದ ನಗರಸಭೆಗೆ ಹೋದರೆ, ಗೋಡೆಗೆ ಒರಗಿ ಕೂತಿದ್ದ ಅಧಿಕಾರಿ ಹೇಳಿದ್ದು ಕೇಳು: "ಎರಡಕ್ಕೂ ಒಂದೇ ಹೆಸರಿದ್ರೆ ಏನಮ್ಮ ತೊಂದ್ರೆ? ಯಾವ ಕಡೆ ಹೋದ್ರೂ ಗಿರಣಿ ರಸ್ತೇಗೇ ಹೋಗ್ತೀರಲ್ಲ." ತಮಾಷೆಗೆ ಹೇಳಿದ್ದಲ್ಲ. ಅವನ ಮುಖ ನೋಡಿದೆ, ಅಷ್ಟು ಬುದ್ಧಿ ಅಲ್ಲಿರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀನು ನಗಬಹುದು. ಇಲ್ಲಿ ನೆಲವೇ ಡೊಂಕು. ನೀನೇ ಬಂದು ಚೌಕದಲ್ಲಿ ನಿಂತು ನೋಡು. ಬಂದು ಎಷ್ಟು ವರ್ಷವಾಯಿತು ಎಂದು ನಾನು ಲೆಕ್ಕ ಹಾಕುವುದಿಲ್ಲ, ನಿನ್ನ ಕಷ್ಟ ನಿನಗಿದೆ. ಆದರೆ ಒಂದು ಫೋನಿನ ಮಾತು ನಂಬಿ ಹೆತ್ತವಳನ್ನು ಮನೆ ಬಿಡಿಸಲು ಹೊರಟೆಯಲ್ಲ, ಅದರಿಂದ ನನಗೆ ಬಹಳ ನೋವಾಗಿದೆ. ಅಮ್ಮ ಇವತ್ತೂ ನಾನು ಹೊಲಿದದ್ದನ್ನು ಬೆಳಕಿಗೆ ಹಿಡಿದು, ಹೊಲಿಗೆ ಕೋತಿ ಕುಣಿದಂಗಿದೆ, ಬಿಚ್ಚು ಎಂದಳು. ಬಿಚ್ಚಿದೆ. ಅವಳು ಹೇಳಿದ್ದು ಸರಿಯಾಗಿತ್ತು.

ಕೋಪದಲ್ಲಿ ಹೆಚ್ಚು ಮಾತಾಡಿದ್ದರೆ ಅಕ್ಕನೆಂದು ಹೊಟ್ಟೆಗೆ ಹಾಕಿಕೋ. ನಿನ್ನ ಮನೆಯವರೆಲ್ಲ ನೆಮ್ಮದಿಯಾಗಿರಲಿ, ಮಗಳಿಗೆ ಒಳ್ಳೆಯ ಅಂಕ ಬರಲಿ, ನಿನ್ನ ಸೊಂಟ ನೆಟ್ಟಗಾಗಲಿ. ಅಮ್ಮನ ಆಶೀರ್ವಾದಗಳನ್ನೂ ಇದರಲ್ಲೇ ಮಡಚಿ ಇಟ್ಟಿದ್ದೇನೆ.

ನಿನ್ನ ಅಕ್ಕ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಈಗಷ್ಟೇ ಅಮ್ಮ ಮತ್ತೆ ಚೀಲ ಹಿಡಿದು ಬಾಗಿಲಿಗೆ ಬಂದಳು. ದಾರ ತಂದಾಯ್ತಲ್ಲಮ್ಮ ಎಂದೆ. ದಾರಕ್ಕಲ್ಲ ಎಂದಳು. ಆ ಮಂಗಳವಾರವೂ ದಾರಕ್ಕೆ ಹೋದದ್ದಲ್ಲವಂತೆ. "ಪುಟ್ಟನಿಗೆ ಸ್ಕೂಲು ಬಿಡೋ ಹೊತ್ತು. ಅವನಿದ್ದಾಗ ರಸ್ತೆ ಒಂದೇ ಇತ್ತು, ಈಗ ಎರಡಾಗಿದೆ ಅಂತ ಅವನಿಗೇನು ಗೊತ್ತು? ತಪ್ಪಿ ಆ ಕಡೆ ಹೋಗ್ಬಿಡ್ತಾನೆ. ನಾನು ಚೌಕದಲ್ಲಿ ನಿಂತ್ಕೋಬೇಕು." ತಮ್ಮಾ, ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಒಂದನ್ನೂ ಹೊಡೆದುಹಾಕುವುದಿಲ್ಲ. ಆದರೆ ಇದಕ್ಕೆ ಯಾರ ಮೇಲೆ ಸಿಟ್ಟಾಗಲಿ, ಯಾವ ಕಚೇರಿಗೆ ಹೋಗಲಿ, ನನಗೆ ತೋಚುತ್ತಿಲ್ಲ. ಭಯವಾಗುತ್ತಿದೆ. ಸಹಿ ಹಾಕಬೇಡ. ರಜೆ ಕೇಳಿ ಬಂದುಬಿಡು. ಸ್ಟೇಷನ್ನಿನಿಂದ ನಡೆದೇ ಬಾ. ಅವಳು ಆಗಲೇ ಮೆಟ್ಟಿಲಿಳಿದಳು, ನಾನೂ ಕೊಡೆ ಹಿಡಿದು ಅವಳ ಜೊತೆ ನಿಲ್ಲಲು ಹೊರಟೆ.