ಲಿಫ್ಟು ಬಾಗಿಲಿನ ಮಗುವಲ್ಲ

ಮನೆಯಿಂದ,
ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ರೀ,

ಹೇಗಿದ್ದೀರಿ? ಬೆಟ್ಟದ ಗಾಳಿಗೆ ತುಟಿ ಒಡೆಯುವುದು ನಿಂತಿತೇ, ಇಲ್ಲ ನಾನು ಕೊಟ್ಟ ಮುಲಾಮಿನ ಡಬ್ಬಿ ಇನ್ನೂ ಚೀಲದ ತಳದಲ್ಲೇ ನಿದ್ದೆ ಹೊಡೆಯುತ್ತಿದೆಯೇ? ವೀಕ್ಷಣಾಲಯದ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದಂತಾಗುತ್ತದೆ ಎಂದಿದ್ದಿರಿ. ಅವಸರ ಮಾಡಬೇಡಿ, ನಕ್ಷತ್ರಗಳೇನೂ ಬಸ್ಸು ಹತ್ತಿ ಹೋಗುವುದಿಲ್ಲ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಅತ್ತೆಯ ಮೊಣಕಾಲು ನೋವು ಕಡಿಮೆಯಾಗಿದೆ, ಮಾತು ಕಡಿಮೆಯಾಗಿಲ್ಲ. ಪುಟ್ಟಿಗೆ ಮುಂದಿನ ಹಲ್ಲು ಬಿದ್ದು, ‘ಸ’ ಅನ್ನಲು ಹೋದರೆ ಸೀಟಿ ಬರುತ್ತದೆ. ಬೇಕೆಂದೇ ‘ಸ’ ಇರುವ ಪದಗಳನ್ನು ಹುಡುಕಿ ಹುಡುಕಿ ಮಾತಾಡುತ್ತಾಳೆ.

ಫೋನ್ ಬಿಟ್ಟು ಪತ್ರ ಯಾಕೆ ಎಂದು ಹುಬ್ಬೇರಿಸಬೇಡಿ. ನಿಮ್ಮ ಫೋನ್ ಇರುವುದು ಊಟದ ಕೋಣೆಯಲ್ಲಿ. ನಮ್ಮ ಜಗಳ ಕೇಳುತ್ತ ನಿಮ್ಮವರೆಲ್ಲ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಾರೆ. ಹೋದ ಸಲ “ನಿನ್ನ ಹಠಕ್ಕೆ ನನ್ನ ಧೂಮಕೇತು ಕೈತಪ್ಪಿ ಹೋಗ್ತಿದೆ ಕಣೇ” ಎಂದು ಕೂಗಿ ಫೋನ್ ಕುಕ್ಕಿದಿರಿ. ನಾನು ಹೇಳಬೇಕಾದದ್ದು ಬಾಯಲ್ಲೇ ಉಳಿಯಿತು. ಪತ್ರವಾದರೆ ಕುಕ್ಕಿದರೂ ಅಕ್ಷರ ಅಳಿಸುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇದು ಕ್ಷಮೆ ಕೇಳಲು ಬರೆದದ್ದಲ್ಲ.

“ನಂಗೆ ನಿನ್ನ ಪ್ರೋಗ್ರಾಂ ಗೀಗ್ರಾಂ ಅರ್ಥ ಆಗಲ್ಲ” ಎನ್ನುತ್ತೀರಲ್ಲ, ಈ ಸಲ ಅರ್ಥ ಮಾಡಿಕೊಳ್ಳಲೇಬೇಕು. ವೀಕ್ಷಣಾಲಯದ ಯಂತ್ರಗಳನ್ನು ಓಡಿಸುವ ಹಳೆಯ ಪ್ರೋಗ್ರಾಮಿಗೆ, ಧೂಮಕೇತುವಿಗೆಂದೇ ತರಿಸಿದ ನಿಮ್ಮ ಹೊಸ ಕ್ಯಾಮೆರಾ ಗೊತ್ತಿಲ್ಲ. ಅದಕ್ಕೇ ಆಬ್ಜೆಕ್ಟ್ ಪದ್ಧತಿಯಲ್ಲಿ ಹೊಸದನ್ನು ಬರೆಯಲು ಹೊರಟೆವು. ಅದರಲ್ಲಿ ದೂರದರ್ಶಕ, ಗುಮ್ಮಟದ ಬಾಗಿಲು, ನಿಮ್ಮನ್ನು ಕ್ಯಾಮೆರಾ ಸಮೇತ ದೂರದರ್ಶಕದವರೆಗೆ ಎತ್ತುವ ಲಿಫ್ಟು, ಎಲ್ಲಕ್ಕೂ ಬೇರೆ ಬೇರೆ ಅಚ್ಚು, ಅಂದರೆ ಅದು ಏನೇನು ಹೇಗೆ ಮಾಡಬೇಕೆಂಬ ಬರಹ. ಒಂದು ಅಚ್ಚನ್ನು ಇನ್ನೊಂದರ ಮಗು ಎಂದು ಬರೆದರೆ ಸಾಕು, ಹೆತ್ತವರಿಗೆ ಬರುವುದೆಲ್ಲ ಮಗುವಿಗೂ ತಾನಾಗಿ ಬರುತ್ತದೆ. ಸಲೀಸಾದ ಪದ್ಧತಿ, ನನಗೆ ಅದರ ಮೇಲೆ ಪ್ರೀತಿಯೂ ಇದೆ. ಆದರೆ ನಮ್ಮ ಆಫೀಸಿನ ಅವಸರಪ್ಪ ಇದ್ದಾನಲ್ಲ, ಚಹಾ ಆರುವ ಮೊದಲೇ ಕುಡಿದು ನಾಲಗೆ ಸುಟ್ಟುಕೊಳ್ಳುವವನು, ಅವನು ಲಿಫ್ಟನ್ನು ಬಾಗಿಲಿನ ಮಗು ಮಾಡಿಟ್ಟ. “ಎರಡಕ್ಕೂ ಮೋಟಾರು, ಎರಡೂ ಹೋಗ್ತವೆ, ಬರ್ತವೆ, ನಿಲ್ತವೆ. ಮತ್ತೆ ಯಾಕೆ ಬರೀಬೇಕು ಮೇಡಂ?” ಎಂದ.

ನಿಲ್ಲುವುದರಲ್ಲೇ ಇರುವುದು ಗುಟ್ಟು. ಗುಮ್ಮಟದ ಬಾಗಿಲು ಅಡ್ಡಕ್ಕೆ ಜಾರುವಂಥದ್ದು. ಅದಕ್ಕೆ ‘ನಿಲ್ಲು’ ಎಂದರೆ ಮೋಟಾರಿನ ಕರೆಂಟು ತೆಗೆಯುವುದು, ಅಷ್ಟೇ. ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಲಿಫ್ಟು ಹಾಗಲ್ಲ. ಅದರ ಮೇಲೆ ನೀವು ನಿಂತಿರುತ್ತೀರಿ, ಪಕ್ಕದಲ್ಲಿ ನಿಮ್ಮ ಮೆಕ್ಯಾನಿಕ್ ಗ್ರೀಸಣ್ಣ, ನಡುವೆ ಆ ಆನೆಮರಿಯಂಥ ಕ್ಯಾಮೆರಾ. ಆ ಹಳೆಯ ಲಿಫ್ಟಿನ ಬ್ರೇಕು ತಾನಾಗಿ ಹಿಡಿಯುವುದಲ್ಲ. ಮೊದಲು ಅದಕ್ಕೆ ‘ಹಿಡಿ’ ಎನ್ನಬೇಕು, ಅದು ಹಿಡಿದ ಮೇಲೆ ಕರೆಂಟು ತೆಗೆಯಬೇಕು. ಬಾಗಿಲಿನಿಂದ ಬಂದ ‘ನಿಲ್ಲು’ವಿಗೆ ಬ್ರೇಕ್ ಎಂಬುದು ಲೋಕದಲ್ಲಿದೆ ಎಂದೇ ತಿಳಿಯದು.

ಇದನ್ನು ನಾನು ಸಭೆಯಲ್ಲಿ ಹೇಳಿದಾಗ, ನೀವೇ ಹೆಸರಿಟ್ಟ ನಮ್ಮ ಗಡಿಯಾರ ಸಾಹೇಬರು ಎಂದಿನಂತೆ ಕೈಗಡಿಯಾರ ನೋಡಿಕೊಂಡರು. “ಟೆಸ್ಟ್ ಎಲ್ಲಾ ಪಾಸಾಗಿದೆ ಕಣಮ್ಮ. ನೀವೊಬ್ಬರು ಸಹಿ ಹಾಕಿದ್ರೆ ಮುಗೀತು” ಎಂದರು. ಪಾಸಾಗಿತ್ತು, ನಿಜ. ಖಾಲಿ ಲಿಫ್ಟಿನಲ್ಲಿ. ಖಾಲಿ ಇದ್ದಾಗ ಅದು ಗೇರಿನ ಬಿಗಿಗೇ ನಿಂತುಬಿಡುತ್ತದೆ. ನಾನು ಸಹಿ ಹಾಕುವುದಿಲ್ಲ ಎಂದೆ. ಆಗ ಅವರು ಮೆತ್ತಗೆ, ಎಲ್ಲರ ಎದುರಿಗೆ, “ನಿಮ್ಮ ಯಜಮಾನರೇ ನಂಗೆ ಫೋನ್ ಮಾಡಿ, ಬೇರೆ ಯಾರ ಹತ್ರನಾದ್ರೂ ಸಹಿ ಹಾಕ್ಸಿ ಕಳಿಸಿ ಅಂದಿದಾರೆ. ಅವರಿಗಿಲ್ಲದ ಭಯ ನಿಮಗ್ಯಾಕೆ?” ಎಂದರು.

ರೀ, ಆ ಕ್ಷಣದಲ್ಲಿ ನನ್ನ ಮುಖ ಹೇಗಾಗಿರಬೇಡ! ಜಗಳ ನನ್ನೊಂದಿಗೆ ಆಡಿ, ನೂರು ಸಲ ಆಡಿ. ಬೆನ್ನ ಹಿಂದೆ ನನ್ನ ಮೇಲಿನವರಿಗೆ ಫೋನ್ ಮಾಡುತ್ತೀರಾ? ಕಣ್ಣಲ್ಲಿ ನೀರು ಬಂದದ್ದು ನಿಜ, ಆದರೆ ಬೀಳಲು ಬಿಡಲಿಲ್ಲ. “ನಮ್ಮ ಯಜಮಾನರಿಗೆ ಆಕಾಶ ಗೊತ್ತು ಸರ್, ಲಿಫ್ಟ್ ಗೊತ್ತಿಲ್ಲ. ಬನ್ನಿ ನನ್ನ ಜೊತೆ” ಎಂದು ಎದ್ದೆ.

ನಮ್ಮ ವರ್ಕ್‌ಶಾಪಿನಲ್ಲಿ ಬೆಟ್ಟದ ಲಿಫ್ಟಿನಂಥದ್ದೇ ಇನ್ನೊಂದು ಇದೆಯಲ್ಲ, ಅದರ ಮೇಲೆ ನೀರಿನ ಡ್ರಮ್ಮುಗಳನ್ನು ಹೇರಿಸಿದೆ. ನಿಮ್ಮಿಬ್ಬರ ತೂಕ, ಕ್ಯಾಮೆರಾದ ತೂಕ. ನಿಮ್ಮದನ್ನು ಸ್ವಲ್ಪ ಜಾಸ್ತಿಯೇ ಹಿಡಿದೆ, ಅಲ್ಲಿನ ಅಡುಗೆಯವರು ಧಾರಾಳಿ ಎಂದು ಕೇಳಿದ್ದೇನೆ. ಲಿಫ್ಟು ಅರ್ಧ ಏರಿದಾಗ ಅವಸರಪ್ಪನ ಕೈಯಲ್ಲೇ ‘ನಿಲ್ಲು’ ಗುಂಡಿ ಒತ್ತಿಸಿದೆ. ಒಂದು ಗಳಿಗೆ ನಿಂತಂತೆ ಮಾಡಿತು. ಅವನು ನನ್ನ ಕಡೆ ತಿರುಗಿ ಹಲ್ಲು ಬಿಡುವಷ್ಟರಲ್ಲಿ ಕೆಳಗೆ ಜಾರತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ಧಡಾರನೆ. ಡ್ರಮ್ಮುಗಳು ಉರುಳಿ ನೆಲವೆಲ್ಲ ಕೆರೆ. ಗಡಿಯಾರ ಸಾಹೇಬರ ಬೂಟಿನೊಳಗೂ ನೀರು ಹೊಕ್ಕಿತು. ಯಾರೂ ನಗಲಿಲ್ಲ. ಅವಸರಪ್ಪ ಗೋಡೆಗೊರಗಿ ನಿಂತು, ಉರುಳಿದ ಡ್ರಮ್ಮನ್ನೇ ನೋಡುತ್ತ “ಮೇಡಂ, ನಾನೂ ಸಹಿ ಹಾಕಲ್ಲ” ಎಂದ. ಆ ಮಾತಿಗೆ ಅವನ ಹಳೆಯ ತಪ್ಪುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡೆ.

ಅಲ್ಲಿಗೆ ಮುಗಿಯಲಿಲ್ಲ. ಸಾಹೇಬರು ಒದ್ದೆ ಕಾಲುಚೀಲ ಹಿಂಡುತ್ತಲೇ ಇನ್ನೊಂದು ತುದಿಗೆ ಹಾರಿದರು. “ಈ ಆಬ್ಜೆಕ್ಟ್ ಸಹವಾಸವೇ ಬೇಡ. ಜೀವಕ್ಕೆ ಅಪಾಯ ಇರೋ ಕಡೆ ಹಳೇ ಪದ್ಧತಿನೇ ವಾಸಿ. ಎಲ್ಲಾ ಬಿಸಾಕಿ.” ಅದಕ್ಕೂ ನಾನು ಸೊಪ್ಪು ಹಾಕಲಿಲ್ಲ. ತಪ್ಪು ಪದ್ಧತಿಯದಲ್ಲ, ಯಾರನ್ನು ಯಾರ ಮಗು ಎಂದು ಬರೆದೆವು ಎಂಬುದರದು ಎಂದೆ. ಎರಡೂ ಮೋಟಾರಿನಿಂದ ಓಡುತ್ತವೆ ಎಂದ ಮಾತ್ರಕ್ಕೆ ನೆಂಟಸ್ತನ ಕಟ್ಟಿದರೆ ಹೀಗೇ ಆಗುವುದು. ಅದೇ ಪದ್ಧತಿಯಲ್ಲಿ ಸರಿಯಾಗಿ ಬರೆದು ತೋರಿಸುತ್ತೇನೆ, ಬಿಡಿ ಎಂದು ಪಟ್ಟು ಹಿಡಿದೆ. ಬಿಟ್ಟರು, ಮನಸ್ಸಿಲ್ಲದ ಮನಸ್ಸಿನಿಂದ.

ಈಗ ಲಿಫ್ಟು ಬಾಗಿಲಿನ ಮಗುವಲ್ಲ. ಅಲುಗಾಡುವ ಪ್ರತಿಯೊಂದೂ ತನ್ನ ‘ನಿಲ್ಲು’ ಏನೆಂದು ತಾನೇ ಹೇಳಬೇಕು. ಹೇಳದಿದ್ದರೆ ಪ್ರೋಗ್ರಾಂ ತಯಾರಾಗುವುದೇ ಇಲ್ಲ, ಕಂಪ್ಯೂಟರು ಅಲ್ಲೇ ತಡೆದು ಬೈಯುತ್ತದೆ. ಮರೆತೆ ಎನ್ನುವ ನೆಪವೇ ಉಳಿಯದಂತೆ ಮಾಡಿದ್ದೇನೆ. ಮೊನ್ನೆ ಅದೇ ಡ್ರಮ್ಮುಗಳನ್ನು ಏರಿಸಿ, ಬೇಕಾದಲ್ಲೆಲ್ಲ ನಿಲ್ಲಿಸಿದೆವು. ಕೂದಲೆಳೆಯಷ್ಟೂ ಜಾರಲಿಲ್ಲ. ನಾನು ಸಹಿ ಹಾಕಿದೆ.

ಇಷ್ಟೆಲ್ಲ ಆಗುವಷ್ಟರಲ್ಲಿ ನಿಮ್ಮ ಧೂಮಕೇತು ಮಸುಕಾಗತೊಡಗಿದೆ ಎಂದು ಗೊತ್ತು. ಅದರ ಬಾಲ ಚೆಲುವಾಗಿ ಹರಡಿದ್ದ ದಿನಗಳು ನಿಮಗೆ ಸಿಗಲಿಲ್ಲ. ಅದು ಮತ್ತೆ ಬರುವ ಹೊತ್ತಿಗೆ ನೀವೂ ಇಲ್ಲ, ನಾನೂ ಇಲ್ಲ. ನಿಮ್ಮ ಸಂಕಟ ನನಗೂ ಸಂಕಟವೇ. ಆದರೂ ಬರೆದಿಡುತ್ತೇನೆ, ನಾಳೆ ಇನ್ನೊಂದು ಧೂಮಕೇತು ಬಂದರೂ, ನೀವು ಇಡೀ ಊಟದ ಕೋಣೆಯನ್ನು ಸಾಕ್ಷಿಗೆ ಕರೆದು ಕೂಗಾಡಿದರೂ, ನಾನು ಹೀಗೆಯೇ ಮಾಡುತ್ತೇನೆ. ಅತ್ತೆಗೆ ವಿಷಯ ಹೇಳಿದೆ. ಮಗನ ಪರ ಮಾತಾಡುತ್ತಾರೆಂದು ಸೆರಗು ಬಿಗಿದು ಕೂತಿದ್ದೆ. ಅವರು, “ಅವ್ನು ಚಿಕ್ಕವನಿದ್ದಾಗ ಚಂದ್ರನ್ನ ನೋಡ್ಕೊಂಡು ಸೈಕಲ್ ಹೊಡ್ದು ಹಾಲಿನವನಿಗೆ ಗುದ್ದಿದೋನು. ನೀನು ಬಗ್ಗಬೇಡ ಕಣೇ” ಎಂದರು. ಮನೆಯಲ್ಲಿ ನಿಮ್ಮ ಪಕ್ಷಕ್ಕೆ ಜನವಿಲ್ಲ.

ಬೆಚ್ಚಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಗ್ರೀಸಣ್ಣನಿಗೆ ನನ್ನ ನಮಸ್ಕಾರ ಹೇಳಿ. ಅತ್ತೆಯ ಆಶೀರ್ವಾದ, ಪುಟ್ಟಿಯ ಮುತ್ತು (ಸೀಟಿ ಸಮೇತ).

ನಿಮ್ಮ ಮೇಲೆ ಇನ್ನೂ ಸಿಟ್ಟಿರುವ,
ನಿಮ್ಮ ‘ಇವಳೇ’

ತಾ.ಕ.: ಇದನ್ನು ಮೇಲೆಯೇ ಬರೆದಿದ್ದರೆ ನೀವು ಉಳಿದದ್ದನ್ನು ಓದುತ್ತಿರಲಿಲ್ಲ. ಈ ಪತ್ರ ನಾಳೆಯ ಸಾಮಾನಿನ ಜೀಪಿನಲ್ಲಿ ಬರುತ್ತದೆ, ಗುರುವಾರದ ಜೀಪಿನಲ್ಲಿ ಪ್ರೋಗ್ರಾಂ ಹಿಡಿದು ನಾನು ಬರುತ್ತೇನೆ. ಸಾಹೇಬರು ಅವಸರಪ್ಪನನ್ನು ಕಳಿಸುತ್ತೇವೆ ಎಂದರು, ನಾನು ಒಪ್ಪಲಿಲ್ಲ. ಡ್ರಮ್ಮು ತುಂಬಿಸಿಡಿ, ಮೊದಲು ಅವು ಏರಲಿ. ಆಮೇಲೆ ಆ ಲಿಫ್ಟಿನ ಮೇಲೆ ನಿಲ್ಲುವವಳು ನಾನು. ನೀವಲ್ಲ, ಗ್ರೀಸಣ್ಣನೂ ಅಲ್ಲ. ಅರ್ಧ ದಾರಿಯಲ್ಲಿ ‘ನಿಲ್ಲು’ ಗುಂಡಿ ಒತ್ತಬೇಕಾದವರು ನೀವು. ಒತ್ತುವ ಮೊದಲು ಬೆರಳು ತಡೆಯುತ್ತದಲ್ಲ, ಆಗ ನಿಮಗೆ ತಿಳಿಯುತ್ತದೆ, ನಾನು ಯಾಕೆ ಸಹಿ ಹಾಕಲಿಲ್ಲವೆಂದು.