ಒಂದು ಬೆರಳಿನ ನಮಸ್ಕಾರ

ಸೆಪ್ಟೆಂಬರ್ 28, ಬೆಳಿಗ್ಗೆ 9.40

ಮತ್ತೆ ಅದೇ. ಫ್ಲಾಸ್ಕಿನ ಟೀ, ಟಿಲ್ಲಿಗೆ ಬ್ರೆಡ್ಡು, ಗಂಡ ಗಾರ್ತ್‌ನ ಗೊಣಗಾಟ. ಪ್ರವಾಸದ ಮೂರನೆಯ ದಿನ. ಒಂದು ನಿಮಿಷ ನಿಲ್ಲಿಸು, ಪೊದೆ ಕಡೆ ಹೋಗಬೇಕು ಅಂದೆ.

"ಮಹಾರಾಣಿಗೆ ಮತ್ತೆ ಬಂತಾ? ಇನ್ನೊಂದ್ಸಲ ನಿಲ್ಸು ಅಂದ್ರೆ ಇಲ್ಲೇ ಇಳ್ಸಿ ಹೋಗ್ತೀನಿ. ನಡ್ಕೊಂಡ್ ಬಾ."

ಟಿಲ್ಲಿ ಕಿಸಕ್ಕನೆ ನಕ್ಕಳು. ಒಂಬತ್ತು ವರ್ಷದ ಮಗಳಿಗೂ ನಾನು ತಮಾಷೆಯ ವಸ್ತು. ಸರಿ, ಇವತ್ತು ಇನ್ನು ಬಾಯಿ ಬಿಡುವುದಿಲ್ಲ.

ಸಂಜೆ 6

ಹೆದ್ದಾರಿ ಬಿಟ್ಟು ಗಾರ್ತ್‌ನ ಒಳದಾರಿ. ಮರುಭೂಮಿಯ ಕೆಂಪು ಮಣ್ಣು. ನಲವತ್ತೊಂದು ಡಿಗ್ರಿ. ದಿನವಿಡೀ ಎದುರಾದದ್ದು ಎರಡೇ ಗಾಡಿ. ಯಾರೇ ಬರಲಿ, ನಮಸ್ಕಾರವೆಂದು ಸ್ಟೇರಿಂಗ್‌ನಿಂದ ಒಂದು ಬೆರಳು ಎತ್ತಬೇಕು. ಎತ್ತದವನು ಪಟ್ಟಣದವನು. ಟಿಲ್ಲಿಗೆ ಅದೇ ಆಟ.

ಎರಡು ಗಂಟೆಗೆ ಒಬ್ಬ ಮುದುಕ. ರಸ್ತೆಯಂಚಿಗೆ ಬಿಳಿ ಪಿಕಪ್, ಬಾನೆಟ್ ತೆರೆದಿತ್ತು. ಟೋಪಿ ಹಿಡಿದ ಕೈ ಮೇಲೆ ಮಾಡಿದ. ಗಾರ್ತ್ ಬೆರಳು ಎತ್ತಿದ. ಟಿಲ್ಲಿ ಕೈ ಬೀಸಿದಳು. ವೇಗ ಇಳಿಯಲಿಲ್ಲ.

"ಅಪ್ಪಾ, ಅವ್ರು ಕರೀತಿದ್ರು."

"ಕರೀಲಿಲ್ಲ ಕಣೇ, ನಮಸ್ಕಾರ ಹೊಡ್ದ. ಮರ್ಯಾದಸ್ಥ ಮುದುಕ."

ಬಾನೆಟ್ ನನಗೆ ಕಂಡಿತ್ತು. ಸುಮ್ಮನಿದ್ದೆ. ನಿಲ್ಲಿಸು ಅನ್ನಬೇಡ ಎಂದವನು ಗಾರ್ತೇ ತಾನೆ? ಮುಂದೊಂದು ಜಗಳಕ್ಕೆ ಒಳ್ಳೆಯ ಅಸ್ತ್ರ ಸಿಕ್ಕಿತು ಎಂದು ಖುಷಿಯಾಯಿತು. ಹೌದು, ಖುಷಿ.

ಸೆಪ್ಟೆಂಬರ್ 29

ದಾರಿಬದಿಯ ಪೆಟ್ರೋಲ್ ಬಂಕ್. ಗಲ್ಲಾದಲ್ಲಿದ್ದ ಹೆಂಗಸು ದಾರಿ ಹೇಗಿತ್ತು ಅಂದಳು. "ಬೆಣ್ಣೆ ಹಂಗಿತ್ತು," ಅಂದ ಗಾರ್ತ್. ಹೊರಗೆ ಬಂದಮೇಲೆ ಅಸ್ತ್ರ ಬಿಟ್ಟೆ. ಆ ಮುದುಕನ ಗಾಡಿಯ ಬಾನೆಟ್ ತೆರೆದಿತ್ತು, ಗೊತ್ತಾ?

ಗಾರ್ತ್‌ನ ಮುಖ ಬಿಳಿಚಿಕೊಂಡಿತು. "ನೋಡ್ದ್ಯಾ? ಮತ್ಯಾಕೆ ಬಾಯ್ ಮುಚ್ಕೊಂಡಿದ್ದೆ?" ಆಮೇಲೆ, "ಹೋಗು, ಹೇಳು ಒಳಗೆ. ಬೇಕೂಂತ್ಲೇ ಬಿಟ್ಟು ಬಂದೆ ಅಂತಾನೂ ಹೇಳು."

ಹೇಳಲಿಲ್ಲ. ಇಷ್ಟೊತ್ತಿಗೆ ಯಾರಾದರೂ ಬಂದಿರುತ್ತಾರೆ... ಬಂದೇ ಇರುತ್ತಾರೆ.

ಅಕ್ಟೋಬರ್ 3

ಮೋಟೆಲ್. ಈಜುಕೊಳ ಇದೆ. ಬರೆಯುವಂಥದ್ದೇನೂ ಇಲ್ಲ.

ಅಕ್ಟೋಬರ್ 5, ಬೆಳಿಗ್ಗೆ 10

ಮೋಟೆಲ್ ಅಂಗಳಕ್ಕೆ ಪೊಲೀಸ್ ಹೆಂಗಸು ಬಂದಳು. ಗಾಡಿ ಗಾಡಿಗೂ ವಿಚಾರಣೆ. ಮುದುಕನ ಹೆಸರು ಡೆಸ್ಮಂಡ್ ಪಾಸ್ಕೋ. ನಿನ್ನೆ ಸಿಕ್ಕನಂತೆ, ಪಿಕಪ್‌ನ ನೆರಳಲ್ಲೇ. ಅವನು ಬರೆದಿಟ್ಟ ಚೀಟಿಯನ್ನು ಓದಿದಳು: 'ಎರಡು ಗಂಟೆ. ನೀಲಿ ಗಾಡಿ, ಸಂಸಾರವಂದಿಗರು. ನೋಡಿ ಕೈ ಎತ್ತಿದರು. ಯಾರನ್ನಾದರೂ ಕಳಿಸುತ್ತಾರೆ. ಇಲ್ಲಿಂದ ಕದಲಬಾರದು.'

"ನಾಲ್ಕೇ ಕಿಲೋಮೀಟರಿಗೆ ದನದ ನೀರಿನ ತೊಟ್ಟಿ ಇತ್ತು," ಅಂದಳು. "ಸಂಜೆ ತಂಪಲ್ಲಿ ನಡ್ದಿದ್ರೆ ಬದುಕ್ತಿದ್ರು. ಕಾಯ್ತಾ ಕೂತ್ರು ಪಾಪ."

ನಮ್ಮ ಗಾಡಿಯೂ ನೀಲಿ.

"ನಾವು ಹೆದ್ದಾರೀಲಿ ಬಂದ್ವಿ ಆಫೀಸರ್," ಅಂದ ಗಾರ್ತ್.

ಅವಳು ಟಿಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ನೀನು ಯಾರನ್ನಾದ್ರೂ ನೋಡ್ದ್ಯಾ ಪುಟ್ಟೀ?"

ಟಿಲ್ಲಿ ಅಪ್ಪನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ನಾನು ಅವಳ ಮುಂಗೂದಲು ಸರಿಮಾಡಿದೆ, ಅಷ್ಟೇ.

"ಇಲ್ಲ," ಅಂದಳು. ತಡವರಿಸಲೂ ಇಲ್ಲ. ಎಷ್ಟು ಬೇಗ ಕಲಿತುಬಿಟ್ಟಳು.

10.35

ಟಿಲ್ಲಿ ಬಾತ್‌ರೂಮಿನ ಚಿಲಕ ಹಾಕಿಕೊಂಡಿದ್ದಾಳೆ. ಒಳಗಿನಿಂದಲೇ ಕೇಳಿದಳು.

"ಅಮ್ಮಾ... ನಾನು ಕೈ ಬೀಸಿದ್ನಲ್ಲ, ಅದಕ್ಕೇನಾ ಅವ್ರು ಕಾಯ್ತಾ ಕೂತಿದ್ದು?"

ಪೊಲೀಸ್ ಗಾಡಿ ಇನ್ನೂ ಗೇಟಿನಲ್ಲಿದೆ. ಓಡಿದರೆ ಸಿಗುತ್ತದೆ. ನಾನು ಕೂತು ಇದನ್ನು ಬರೆಯುತ್ತಿದ್ದೇನೆ. ಎಂಜಿನ್ ಶುರುವಾ—