ಭಾನುಪ್ರಿಯಳ ಮಳೆ

ಜುಲೈ 8, ಮಂಗಳವಾರ

ಇವತ್ತೂ ಬಸ್ ಲೇಟು. ಬೈರಾಪಟ್ಟಣ ತಲುಪೋ ಹೊತ್ತಿಗೆ ಪ್ರಾರ್ಥನೆ ಮುಗಿದಿತ್ತು. ಹೆಡ್‌ಮಾಸ್ಟರ್ ರಾಮಲಿಂಗಯ್ಯನವರು ಗಡಿಯಾರ ನೋಡಿದ್ರು, ನನ್ನ ನೋಡಲಿಲ್ಲ. ಇರಲಿ.

ಐದನೇ ಕ್ಲಾಸಿಗೆ ನಾನೇ ಬರೆದ ಮಳೆ ಪದ್ಯ ಓದಿದೆ. ‘ಮಳೆ ಬಂದ ಮನೆಯಲ್ಲಿ ಮಾತು ಕಮ್ಮಿ’ — ಆ ಸಾಲು ಮಕ್ಕಳಿಗೆ ಹಿಡಿಸ್ತು. ಅರ್ಥ ಬರೀಬೇಡಿ ಅಂದೆ. ಕಣ್ಣು ಮುಚ್ಚಿ ಕೇಳಿ, ಮನಸ್ಸಿಗೆ ಏನನ್ನಿಸುತ್ತೋ ಅದನ್ನ ಚಿತ್ರ ಮಾಡಿ, ಬಣ್ಣ ನಿಮ್ಮಿಷ್ಟ. ಬಂದಿದ್ದೆಲ್ಲ ಕೊಡೆ. ಒಂದಿಷ್ಟು ಕಪ್ಪೆ. ಭಾನುಪ್ರಿಯ ಮಾತ್ರ ಹಾಳೆ ತುಂಬ ಕಪ್ಪು ತೀಡಿದ್ದಾಳೆ. ಬಾಗಿಲು ಹಾಕಿದ ಕೋಣೆ. ಒಳಗೆ ಒಬ್ಬನೇ ಗಂಡಸು, ತಲೆ ತಗ್ಗಿಸಿ ಕೂತಿದ್ದಾನೆ. ಒಂದು ಹನಿ ಇಲ್ಲ.

ಕೆಂಪು ಪೆನ್ನಲ್ಲಿ ‘ಮಳೆ ಎಲ್ಲಿ?’ ಅಂತ ಬರೆದು ವಾಪಸ್ ಕೊಟ್ಟೆ. ಯಾಕೆ ಬರೆದೆನೋ. ಅಭ್ಯಾಸ.

ಜುಲೈ 9

ಚಿತ್ರದಲ್ಲಿರೋದು ಯಾರು ಅಂತ ಭಾನುಪ್ರಿಯಳನ್ನ ಕೇಳಿದೆ. ಅಪ್ಪ ಅಂದ್ಲು. ಕತ್ತಲಲ್ಲಿ ಯಾಕೆ ಕೂತಿದ್ದಾರೆ?

“ಅಪ್ಪ ಈಗ ಮನೇಲಿ ಮಲಗಲ್ಲ ಮಿಸ್.”

ಅಷ್ಟೇ. ಹಾಳೆ ಮಡಿಸಿ ಬ್ಯಾಗಿಗೆ ತುರುಕಿದ್ಲು. ಜಗಳವಾ? ಕುಡಿತವಾ?

ಜುಲೈ 14, ಸೋಮವಾರ

ಗುರುವಾರದಿಂದ ಭಾನುಪ್ರಿಯ ಸ್ಕೂಲಿಗೆ ಪತ್ತೆ ಇಲ್ಲ. ಅವರ ಮನೆ ಫೋನ್ ಸ್ವಿಚ್ ಆಫ್. ಚಿತ್ರ ನೋಡಿ ಅಪ್ಪ ಹೊಡೆದುಬಿಟ್ನಾ? ಮನಸ್ಸಲ್ಲಿರೋದು ಹೊರಗೆ ಹಾಕು ಅಂದವಳು ನಾನು. ಮಗು ನಂಬಿ ಹಾಕ್ತು...

ರಾಮಲಿಂಗಯ್ಯನವರಿಗೆ ಹೇಳಿದೆ. ಮನೆ ವಿಷಯಕ್ಕೆಲ್ಲ ಕೈ ಹಾಕ್ಬೇಡಿ ಅತಿಯಾ ಮೇಡಂ, ಸಿಲಬಸ್ ಮುಗಿಸಿ ಅಂದ್ರು. ಮೈ ಉರೀತು. ಮನೆಗೆ ಬಂದ್ರೆ ಊಟ ಸೇರಲಿಲ್ಲ. ನಮ್ಮ ಅಬ್ಬಾ ಮರದ ಗೊಂಬೆ ಕಡೆಯೋದು ನಿಲ್ಲಿಸಿ, ಏನಾಯ್ತು ಬೇಟಾ ಅಂತ ಕೇಳಿದ್ರು. ನಾಳೆ ಭಾನುಪ್ರಿಯಳ ಮನೆಗೆ ಹೋಗೋದೇ.

ಜುಲೈ 15, ರಾತ್ರಿ 9

ಹೋದೆ. ಅಜ್ಜಿ ಶಿವಲಿಂಗಮ್ಮ ಬಾಗಿಲಲ್ಲೇ ಕೈ ಅಡ್ಡ ಇಟ್ರು.

“ಸೆಂಟೇನಾರ ಹಾಕೊಂಡಿದ್ದೀರಾ ಮೇಡಮ್ಮಾ? ಹುಳಕ್ಕೆ ಆಗಾಕಿಲ್ಲ.”

ಹುಳ! ರೇಷ್ಮೆ ಹುಳ. ದೊಡ್ಡವಾಗಿವೆ, ಹಗಲೂ ರಾತ್ರಿ ಸೊಪ್ಪು ಹಾಕ್ತಾನೇ ಇರಬೇಕಂತೆ. ಅದಕ್ಕೇ ಅಪ್ಪ ನಾಗರಾಜು ಹುಳದ ಮನೇಲೇ ಮಲಗೋದು. ಅದಕ್ಕೇ ಈ ಹುಡುಗಿ ಸ್ಕೂಲಿಗೆ ಚಕ್ಕರ್ ಹೊಡೆದು ಸೊಪ್ಪು ಬಿಡಿಸ್ತಿರೋದು. ನನ್ನ ನೋಡಿ ಹಲ್ಲು ಕಿಸೀತಾ ಓಡಿ ಬಂದ್ಲು. ಜಗಳ ಇಲ್ಲ, ಹೊಡೆತ ಇಲ್ಲ, ಏನೂ ಇಲ್ಲ. ಯಾ ಅಲ್ಲಾ... ಅಲ್ಲೇ ಅಳು ಬಂದ್ಬಿಡ್ತು.

ಅತ್ತರು ಹೋಗೋ ತನಕ ಕೈ ತೊಳೆಸಿದ್ರು. ಕಾಲೂ ಆಯ್ತು. ಭಾನುಪ್ರಿಯ ಕೈ ಹಿಡಿದು ಹುಳದ ಮನೆಯೊಳಗೆ ಕರ್ಕೊಂಡ್ಹೋಗಿ ಬಾಗಿಲು ಹಾಕಿದ್ಲು. ಅರೆಗತ್ತಲು. ನಾಗರಾಜು ತಲೆ ತಗ್ಗಿಸಿ ಕೂತಿದ್ರು, ಥೇಟ್ ಚಿತ್ರದ ಹಾಗೇ. ಮಾತಾಡೋಕೆ ಹೋದೆ. ಹುಡುಗಿ ತುಟಿ ಮೇಲೆ ಬೆರಳಿಟ್ಟಳು.

ಮಳೆ. ಎಲೆ ಮೇಲೆ ಬೀಳೋ ಹದವಾದ ಮಳೆ. ಹೊರಗೆ ಬಿಸಿಲಿತ್ತಲ್ಲ ಅಂದೆ.

“ಮಳೆ ಅಲ್ಲ ಮೇಡಂ, ಹುಳ ಸೊಪ್ಪು ತಿಂತಾ ಅವೆ,” ಅಂದ್ರು ನಾಗರಾಜು. “ಈ ಸದ್ದು ಕೇಳ್ತಾ ಇದ್ರೆ ಜೀವಕ್ಕೆ ಒಸಿ ಸಮಾಧಾನ.”

ಮೂವರೂ ಅದನ್ನೇ ಕೇಳ್ತಾ ಕೂತಿದ್ವಿ. ಎಷ್ಟು ಹೊತ್ತೋ. ಎದ್ದು ಬರೋಕೆ ಮನಸ್ಸಿರಲಿಲ್ಲ.

ಕಪ್ಪು ಅಂದ್ರೆ ದುಃಖ ಅಂತ ಕ್ಲಾಸಲ್ಲಿ ಚಾರ್ಟ್ ಬೇರೆ ಅಂಟಿಸಿದ್ದೀನಿ, ಪಂಡಿತೆ! ನಾಳೆ ಮೊದಲು ಅದನ್ನ ಕಿತ್ತು ಹಾಕ್ಬೇಕು.

ಜುಲೈ 21, ಸೋಮವಾರ

ಹುಳ ಗೂಡು ಕಟ್ತಿವೆಯಂತೆ, ಇನ್ನು ಸೊಪ್ಪು ಬೇಡ. ಭಾನುಪ್ರಿಯ ಸ್ಕೂಲಿಗೆ ಬಂದ್ಲು. ಬಂದವಳೇ ಮಡಿಸಿದ ಹಾಳೆ ಬಿಡಿಸಿ ಮೇಜಿನ ಮೇಲಿಟ್ಲು. ನನ್ನ ಕೆಂಪು ‘ಮಳೆ ಎಲ್ಲಿ?’ ಕೆಳಗೆ ಪೆನ್ಸಿಲಲ್ಲಿ ಬರೆದಿದ್ದಾಳೆ — ‘ಕೇಳುಸ್ತಲ್ವಾ ಮಿಸ್?’

ನಿಮ್ಮನೆ ಸದ್ದೊಂದನ್ನ ಚಿತ್ರ ಮಾಡಿ ತನ್ನಿ ಅಂತ ಎಲ್ಲರಿಗೂ ಹೇಳಿದೆ. ನೀವೂ ತರ್ಬೇಕು ಅಂತ ಹಟ ಹಿಡಿದ್ವು. ಈಗ ಹಾಳೆ ಮುಂದಿಟ್ಕೊಂಡು ಕೂತಿದ್ದೀನಿ. ಪಕ್ಕದ ಕೋಣೇಲಿ ಅಬ್ಬಾ ಗೊಂಬೆ ಕಡೀತಿದ್ದಾರೆ. ಹುಟ್ಟಿದಾಗಿಂದ ಕೇಳಿರೋ ಸದ್ದು. ಇದಕ್ಕೆ ಯಾವ ಬಣ್ಣ... ತಡಿ, ಕಣ್ಣು ಮುಚ್ಚಿ ಒಸಿ ಕೇಳ್ತೀನಿ.